ಅಂಗಡಿ ಉಡುಪಿಯಲ್ಲಿ, ನಾವು ಮಂಗಳೂರಿನಲ್ಲಿ: ಫೈರ್‌ವಾಲ್ ಹಿಂದಿನ ಕಂಪ್ಯೂಟರಿಗೆ ಯಾವ ದಾರಿ ಹಿಡಿಯುವುದು?

ತಿಂಗಳ 20ನೇ ತಾರೀಕು ಹತ್ತಿರವಾದರೆ, ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಜಿಎಸ್‌ಟಿ ರಿಟರ್ನ್ ಹಾಕಬೇಕು, ಟ್ಯಾಲಿಯಲ್ಲಿ ಯಾವುದೋ ಒಂದು ಎಂಟ್ರಿ ತಾಳೆ ಆಗುತ್ತಿಲ್ಲ. ಕಂಪ್ಯೂಟರ್ ಇರುವುದು ಉಡುಪಿ ಕಿನ್ನಿಮುಲ್ಕಿಯ ಅಂಗಡಿಯಲ್ಲಿ. ಲೆಕ್ಕ ನೋಡುವವರು ಕೂತಿರುವುದು ಮಂಗಳೂರಿನ ಕೊಡಿಯಾಲಬೈಲಿನಲ್ಲಿ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬಂದರೆ ಅರ್ಧ ದಿನ ಮುಗಿಯಿತು, ಅದೂ ಎರಡು ನಿಮಿಷದ ಕೆಲಸಕ್ಕೆ. "ಇಲ್ಲಿಂದಲೇ ಅದನ್ನು ಓಪನ್ ಮಾಡುವ ಹಾಗೆ ಎಂತಾದರೂ ಮಾಡಿ ಕೊಡಿ ಮಾರಾಯ್ರೆ. ಯಾವ ಆ್ಯಪ್ ಒಳ್ಳೇದು?" ಅಂತ ಕೇಳುತ್ತಾರೆ.

ಆ್ಯಪ್ ಹೆಸರು ಹೇಳುವ ಮೊದಲು ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ನೀವು ಕನೆಕ್ಟ್ ಮಾಡುವಾಗ ಆ ಕಡೆ ಯಾರಾದರೂ ಕೂತಿರುತ್ತಾರಾ? ಅಲ್ಲಿನ ಫೈರ್‌ವಾಲ್, ಅಂದರೆ ಹೊರಗಿನವರನ್ನು ತಡೆಯುವ ಗೇಟು, ನಿಮ್ಮದಾ, ಕಂಪನಿಯದ್ದಾ? ನೀವು ಒಳಗೆ ಹೋಗಿ ಕೆಲಸ ಮಾಡುವಾಗ ಅಲ್ಲಿನವರು ಅದೇ ಪರದೆಯಲ್ಲಿ ಬಿಲ್ ಹಾಕುತ್ತಿರಬೇಕಾ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ. ಉಳಿದದ್ದು ಬಣ್ಣ, ಬಟನ್ನುಗಳ ವಿಷಯ.

ಗೇಟು, ವಾಚ್‌ಮನ್, ಬಸ್ ಸ್ಟ್ಯಾಂಡ್

ಅಂಗಡಿಯಲ್ಲಿ ಫೈರ್‌ವಾಲ್ ಅಂತ ಬೇರೆ ಡಬ್ಬ ಇಲ್ಲದಿದ್ದರೂ ಫೈಬರ್ ಕನೆಕ್ಷನ್ನಿನ ರೌಟರ್ ಆ ಕೆಲಸ ಮಾಡುತ್ತಿರುತ್ತದೆ. ಕದ್ರಿಯ ಯಾವುದಾದರೂ ಅಪಾರ್ಟ್‌ಮೆಂಟಿನ ವಾಚ್‌ಮನ್‌ನನ್ನು ನೆನೆಸಿಕೊಳ್ಳಿ. ನೀವೇ ಊಟ ತರಿಸಿದ್ದರೆ ಡೆಲಿವರಿ ಹುಡುಗನನ್ನು ಒಳಗೆ ಬಿಡುತ್ತಾನೆ. ಯಾರೂ ಕರೆಯದೆ ಬಂದವನನ್ನು ಗೇಟಿನಲ್ಲೇ ನಿಲ್ಲಿಸುತ್ತಾನೆ. ರೌಟರ್ ಮಾಡುವುದೂ ಅಷ್ಟೇ. ಒಳಗಿನ ಕಂಪ್ಯೂಟರ್ ಹೊರಗೆ ಮಾತು ಶುರು ಮಾಡಿದರೆ ಅದರ ಉತ್ತರಕ್ಕೆ ದಾರಿ ಕೊಡುತ್ತದೆ. ಹೊರಗಿಂದ ತಾನಾಗಿ ಬಂದದ್ದನ್ನು ಬಿಡುವುದಿಲ್ಲ.

ಹಾಗಾಗಿ ದಾರಿ ಇರುವುದು ಎರಡೇ. ಒಂದು, ಗೇಟಿನಲ್ಲಿ ನಮಗಾಗಿ ಒಂದು ಕಿಂಡಿ ಕೊರೆಯುವುದು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತಾರೆ. ಇನ್ನೊಂದು, ಒಳಗಿನ ಕಂಪ್ಯೂಟರೇ ಹೊರಗಿನ ಒಂದು ಜಾಗಕ್ಕೆ ಬಂದು ನಿಲ್ಲುವುದು, ನಾವೂ ಅಲ್ಲಿಗೇ ಹೋಗುವುದು. ಉಡುಪಿಯಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪಾರ್ಸೆಲ್ ಕೊಟ್ಟು ಕಳಿಸಿದರೆ ನಾವು ಮಂಗಳೂರಿನಲ್ಲಿ ಸ್ಟ್ಯಾಂಡಿಗೆ ಹೋಗಿ ತರುತ್ತೇವಲ್ಲ, ಹಾಗೆ. ಯಾರೂ ಯಾರ ಮನೆಯ ಬಾಗಿಲು ಬಡಿಯಬೇಕಿಲ್ಲ. ಟೀಮ್‌ವ್ಯೂವರ್, ಎನಿಡೆಸ್ಕ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್, ರಸ್ಟ್‌ಡೆಸ್ಕ್, ಟೇಲ್‌ಸ್ಕೇಲ್, ಎಲ್ಲವೂ ಈ ಎರಡನೇ ಜಾತಿಯವು. ಮೊದಲು ಭೇಟಿ ಮಾಡಿಸುತ್ತವೆ, ಆಮೇಲೆ ಆದಷ್ಟು ಮಟ್ಟಿಗೆ ಎರಡೂ ಕಂಪ್ಯೂಟರ್ ನೇರವಾಗಿ ಮಾತಾಡುವ ಹಾಗೆ ಮಾಡುತ್ತವೆ. ನೇರ ದಾರಿ ಸಿಗದಿದ್ದರೆ ಮಾತ್ರ ಎಲ್ಲವೂ ನಡುವಿನ ಸರ್ವರ್ ಮೂಲಕ ಹೋಗುತ್ತದೆ, ಆಗ ಸ್ವಲ್ಪ ನಿಧಾನ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕಿಂಡಿ ಕೊರೆಯಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ನೀವು ಬೇಕೆಂದರೂ ಕೊರೆಯಲು ಆಗದೇ ಇರಬಹುದು. ಇಂಟರ್ನೆಟ್ಟಿನ ಹಳೇ ಮಾದರಿಯ ವಿಳಾಸಗಳು, ಅಂದರೆ ಐಪಿವಿ4, ಸಾಕಾಗುತ್ತಿಲ್ಲ. ಹಾಗಾಗಿ ಎಷ್ಟೋ ಕಡೆ ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳಿಗೆ ಸೇರಿಸಿ ಒಂದೇ ವಿಳಾಸ ಕೊಡುತ್ತವೆ. ಇದಕ್ಕೆ ಸಿಜಿನ್ಯಾಟ್ ಅಂತ ಹೆಸರು. ರೌಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೌಟರಿನ ಹೊರಗಿನ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ, ಇಲ್ಲವೇ 10ರಿಂದ ಶುರುವಾಗಿದ್ದರೆ, ನಿಮ್ಮ ಮನೆಯ ಗೇಟಿನ ಹೊರಗೆ ಇಡೀ ಲೇಔಟಿನ ಇನ್ನೊಂದು ಗೇಟಿದೆ ಅಂತ ಅರ್ಥ. ಆ ಗೇಟಿನ ಕೀಲಿ ನಿಮ್ಮ ಹತ್ತಿರ ಇಲ್ಲ. ಸ್ಟಾಟಿಕ್ ಐಪಿಗೆ, ಅಂದರೆ ಬದಲಾಗದ ಸ್ವಂತ ವಿಳಾಸಕ್ಕೆ, ಬೇರೆ ದುಡ್ಡು ಕೊಡಬೇಕು, ಇಲ್ಲವಾದರೆ ಎರಡನೇ ಜಾತಿಯ ದಾರಿಯೇ ಗತಿ.

3389ನ್ನು ಬಾಗಿಲು ತೆರೆದಿಟ್ಟ ರಾತ್ರಿ

ಕೆಲವು ವರ್ಷದ ಹಿಂದೆ ನಾನೂ ಇದನ್ನು ಮಾಡಿದ್ದೆ. ಬೈಕಂಪಾಡಿಯ ಒಂದು ಗೋಡೌನಿನಲ್ಲಿ ಸ್ಟಾಟಿಕ್ ಐಪಿ ಇತ್ತು. ವಿಂಡೋಸ್‌ನ ಸ್ವಂತ ರಿಮೋಟ್ ಡೆಸ್ಕ್‌ಟಾಪ್, ಅಂದರೆ ಆರ್‌ಡಿಪಿ, 3389 ಅನ್ನುವ ಪೋರ್ಟಿನಲ್ಲಿ, ಅಂದರೆ ಆ ನಂಬರಿನ ಬಾಗಿಲಿನಲ್ಲಿ, ಕಾಯುತ್ತಿರುತ್ತದೆ. ರೌಟರಿನಲ್ಲಿ ಆ ಪೋರ್ಟನ್ನು ಒಳಗಿನ ಕಂಪ್ಯೂಟರಿಗೆ ತಿರುಗಿಸಿದೆ. ಐದು ನಿಮಿಷದ ಕೆಲಸ. ಮನೆಗೆ ಬಂದು ಕನೆಕ್ಟ್ ಮಾಡಿ ನೋಡಿದೆ, ಬೆಣ್ಣೆ ಹಾಗೆ ಹೋಗುತ್ತಿತ್ತು. ಖುಷಿಯಲ್ಲಿ ಮಲಗಿದೆ.

ಮರುದಿನ ಬೆಳಿಗ್ಗೆ ಸುಮ್ನೆ, ವಿಂಡೋಸ್‌ನ ಒಳಗೆ ನಡೆದದ್ದನ್ನೆಲ್ಲ ತೋರಿಸುವ ಈವೆಂಟ್ ವ್ಯೂವರ್ ತೆರೆದೆ. ಸೆಕ್ಯೂರಿಟಿ ಲಾಗಿನಲ್ಲಿ 4625 ಅನ್ನುವ ನಂಬರು, ಒಂದರ ಕೆಳಗೆ ಒಂದು, ಕೆಳಗೆ ಎಳೆದಷ್ಟೂ ಮುಗಿಯುತ್ತಿಲ್ಲ. 4625 ಅಂದರೆ ಯಾರೋ ಲಾಗಿನ್ ಆಗಲು ನೋಡಿ ಸೋತಿದ್ದಾರೆ ಅಂತ. ಒಂದೇ ರಾತ್ರಿಯಲ್ಲಿ ಸಾವಿರಾರು. ಹೆಸರುಗಳು ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಯೂಸರ್, ಟೆಸ್ಟ್. ಯಾರೋ ಒಬ್ಬ ಕೂತು ಟೈಪ್ ಮಾಡಿದ್ದಲ್ಲ. ಇಂಟರ್ನೆಟ್ಟಿನಲ್ಲಿ ಇಡೀ ದಿನ ತೆರೆದ ಬಾಗಿಲು ಹುಡುಕುತ್ತ ಓಡಾಡುವ ಪ್ರೋಗ್ರಾಮುಗಳು ಉಂಟು. ಬೈಕಂಪಾಡಿಯ ಗೋಡೌನ್ ಅಂತ ಅವಕ್ಕೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಪೋರ್ಟ್ ನಂಬರ್ ಬದಲಾಯಿಸಿದೆ. ಕೆಲವು ದಿನ ತಣ್ಣಗಿತ್ತು, ಮತ್ತೆ ಶುರು. ಆ ವಾರವೇ ಮುಚ್ಚಿದೆ.

ಪಾಸ್‌ವರ್ಡ್ ಗಟ್ಟಿ ಇದ್ದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಅನ್ನುವ ದೋಷ ಹೊರಬಿತ್ತು. ವಿಂಡೋಸ್ 7 ಮತ್ತು ಅದಕ್ಕಿಂತ ಹಳೆಯ ಕೆಲವು ಆವೃತ್ತಿಗಳ ಆರ್‌ಡಿಪಿಯಲ್ಲಿ ಪಾಸ್‌ವರ್ಡೇ ಇಲ್ಲದೆ ಒಳಗೆ ನುಗ್ಗಬಹುದಿತ್ತು. ಮೈಕ್ರೋಸಾಫ್ಟ್ 2014ರಲ್ಲೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಆಗ ದೋಷ ಸರಿಪಡಿಸುವ ಪ್ಯಾಚ್ ಕೊಟ್ಟಿತು, ಅಷ್ಟು ಗಂಭೀರ. ನಮ್ಮ ಅಂಗಡಿಗಳಲ್ಲಿ "ಟ್ಯಾಲಿಗೆ ಇಷ್ಟು ಸಾಕು" ಅಂತ ಉಳಿಸಿಕೊಂಡ ಹಳೇ ಕಂಪ್ಯೂಟರ್ ಎಷ್ಟಿಲ್ಲ! ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಕೂಡ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂಥದ್ದನ್ನು ನೇರವಾಗಿ ಬೀದಿಗೆ ತೆರೆದಿಡುವುದು ಬೇಡ.

ಒಂದು ಮಾತು ಸ್ಪಷ್ಟ ಇರಲಿ. ಆರ್‌ಡಿಪಿ ಕೆಟ್ಟದ್ದಲ್ಲ. ಅದನ್ನು ಬೀದಿಗೆ ಇಡುವುದು ಕೆಟ್ಟದ್ದು.

ನಂಬರ್ ಹೇಳಿ, ನಾನು ಬರುತ್ತೇನೆ

ಆ ಕಡೆ ಮನುಷ್ಯ ಕೂತಿದ್ದಾನೆ, ಒಂದು ಸಲದ ಸಹಾಯ ಬೇಕು ಅಂತಾದರೆ ಟೀಮ್‌ವ್ಯೂವರ್ ಅಥವಾ ಎನಿಡೆಸ್ಕ್ ಸುಲಭ. ಅಲ್ಲಿನವರು ಆ್ಯಪ್ ತೆರೆದು ಪರದೆಯ ನಂಬರ್ ಓದುತ್ತಾರೆ, ನೀವು ಇಲ್ಲಿ ಹಾಕುತ್ತೀರಿ, ಅವರು ಒಪ್ಪಿಗೆ ಒತ್ತುತ್ತಾರೆ, ಅವರು ನೋಡುತ್ತಿರುವುದೇ ನಿಮಗೂ ಕಾಣುತ್ತದೆ. ಎರಡೂ ತಮ್ಮ ಸ್ವಂತ ಪೋರ್ಟ್ ಸಿಗದಿದ್ದರೆ 443ರಲ್ಲಿ ಹೋಗುತ್ತವೆ. ವೆಬ್‌ಸೈಟುಗಳು ಓಡಾಡುವುದೂ ಅದೇ ಪೋರ್ಟಿನಲ್ಲಿ, ಹಾಗಾಗಿ ಹೆಚ್ಚಿನ ಫೈರ್‌ವಾಲ್‌ಗಳು ತಡೆಯುವುದಿಲ್ಲ.

ಒಂದು ಸಣ್ಣ ಕಿರಿಕಿರಿ ಇದೆ. ಇನ್‌ಸ್ಟಾಲ್ ಮಾಡದೆ ಸುಮ್ನೆ ಡಬಲ್ ಕ್ಲಿಕ್ ಮಾಡಿ ಓಡಿಸಿದರೆ, ವಿಂಡೋಸ್ "ಇದಕ್ಕೆ ಅನುಮತಿ ಇದೆಯಾ" ಅಂತ ಕೇಳುವ ಹೊತ್ತಿಗೆ ನಿಮ್ಮ ಪರದೆ ಸ್ತಬ್ಧ ಆಗಬಹುದು. ಆ ಪ್ರಶ್ನೆ ಅಲ್ಲಿನವರಿಗೆ ಮಾತ್ರ ಕಾಣುತ್ತದೆ. ನೀವು ಇಲ್ಲಿ "ಹ್ಯಾಂಗ್ ಆಯ್ತಾ" ಅಂತ ಮೌಸ್ ಅಲ್ಲಾಡಿಸುತ್ತ ಕೂತಿರುತ್ತೀರಿ, ಅವರು ಅಲ್ಲಿ "ಎಸ್ ಒತ್ತುವುದಾ ನೋ ಒತ್ತುವುದಾ" ಅಂತ ಕೂತಿರುತ್ತಾರೆ. ಪದೇ ಪದೇ ಬೇಕಾಗುವ ಕಂಪ್ಯೂಟರಿಗೆ ಸರಿಯಾಗಿ ಇನ್‌ಸ್ಟಾಲ್ ಮಾಡಿಬಿಡಿ.

ಎರಡೂ ಪುಕ್ಕಟೆ ಇರುವುದು ಸ್ವಂತ ಬಳಕೆಗೆ ಮಾತ್ರ. ಅಂಗಡಿ, ಆಫೀಸು ಅಂದರೆ ಲೈಸೆನ್ಸ್ ತೆಗೆದುಕೊಳ್ಳಬೇಕು. "ಯಾರಿಗೆ ಗೊತ್ತಾಗುತ್ತದೆ" ಅಂತ ಬಳಸಿದವರ ಮೇಲೆ, ಇದು ವ್ಯಾಪಾರದ ಬಳಕೆ ಅಂತ ಆ್ಯಪ್ ಕಂಪನಿಗೆ ಅನುಮಾನ ಬಂದು ಕನೆಕ್ಷನ್ ಕಟ್ ಆಗುವುದುಂಟು. ಅದು ಆಗುವುದೂ 20ನೇ ತಾರೀಕಿನ ಸಂಜೆಯೇ! 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ತನ್ನ ಸರ್ವರ್‌ಗಳಿಗೆ ದಾಳಿಕೋರರು ನುಗ್ಗಿದ್ದರು ಅಂತ ತಾನೇ ತಿಳಿಸಿತ್ತು. ಅದಕ್ಕೇ ಬಿಟ್ಟುಬಿಡಿ ಅಂತಲ್ಲ. ಆದರೆ ನಡುವೆ ಒಂದು ಕಂಪನಿ ಕೂತಿದೆ ಅನ್ನುವುದು ನೆನಪಿರಲಿ. ಯಾರೂ ಇಲ್ಲದಾಗ ಕನೆಕ್ಟ್ ಆಗಲು ಪಾಸ್‌ವರ್ಡ್ ಇಟ್ಟಿದ್ದರೆ ಅದರ ಜೊತೆ ಎರಡನೇ ಹಂತದ ಕೋಡ್ ಕೂಡ ಹಾಕಿ.

ಈ ಆ್ಯಪ್‌ಗಳ ವಿಷಯ ಬಂದಾಗ ಮನೆಯ ಹಿರಿಯರಿಗೂ ಒಂದು ಮಾತು ಹೇಳಿಡಿ. ಬ್ಯಾಂಕಿನಿಂದ ಅಂತ ಫೋನ್ ಮಾಡಿ, ಇಂಥ ಆ್ಯಪ್ ಹಾಕಿಸಿ, ನಂಬರ್ ಕೇಳಿ, ಫೋನಿನ ಪರದೆ ನೋಡುತ್ತ ಹಣ ಎತ್ತುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ನೀವಾಗಿ ಕರೆದವರಿಗೆ ಮಾತ್ರ ನಂಬರ್ ಕೊಡಬೇಕು. ಮೋಸ ಆಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು.

ದುಡ್ಡಿಲ್ಲದೆ ಆಗಬೇಕು ಅನ್ನುವವರಿಗೆ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್. ಗೂಗಲ್ ಅಕೌಂಟ್ ಇದ್ದರೆ ಸಾಕು, ಕನಿಷ್ಠ 6 ಅಂಕಿಯ ಪಿನ್ ಇಟ್ಟರೆ ಯಾವಾಗ ಬೇಕಾದರೂ ಒಳಗೆ ಹೋಗಬಹುದು. ವಿಂಡೋಸ್ ಹೋಮ್‌ನಲ್ಲೂ ನಡೆಯುತ್ತದೆ, ಮೊಬೈಲಿನಿಂದಲೂ ಆಗುತ್ತದೆ. ಮಸ್ಕತ್ತಿನಲ್ಲಿರುವ ಮಗ ಬ್ರಹ್ಮಾವರದಲ್ಲಿರುವ ಅಪ್ಪನ ಕಂಪ್ಯೂಟರ್ ನೋಡಿಕೊಳ್ಳಬೇಕಾದರೆ ನಾನು ಹೇಳುವುದು ಇದನ್ನೇ. ಫೈಲ್ ಕಳಿಸುವ ಸೌಲಭ್ಯ ತೀರಾ ಸಾಮಾನ್ಯ. ಅಕೌಂಟ್ ಮಾತ್ರ ಸ್ವಂತದ್ದಾಗಿರಲಿ. ಅಂಗಡಿಯ ನಾಲ್ಕು ಜನರಿಗೂ ಪಾಸ್‌ವರ್ಡ್ ಗೊತ್ತಿರುವ ಜಿಮೇಲ್ ಆದರೆ ಆ ನಾಲ್ಕು ಜನರ ಕೈಯಲ್ಲೂ ಕೀಲಿ ಇದ್ದ ಹಾಗೆ.

ನಾನು ಅಂಗಡಿಗಳಿಗೆ ಹಾಕಿಕೊಡುವುದು

ಆ ಕಡೆ ಯಾರೂ ಇಲ್ಲ, ದಿನಾ ಕೆಲಸ ಮಾಡಬೇಕು, ಕಂಪ್ಯೂಟರ್ ನಮ್ಮದೇ ಅಂತಾದರೆ ನನ್ನ ಮೊದಲ ಆಯ್ಕೆ ಟೇಲ್‌ಸ್ಕೇಲ್ ಮತ್ತು ಆರ್‌ಡಿಪಿ ಜೋಡಿ. ಟೇಲ್‌ಸ್ಕೇಲ್ ಪರದೆ ತೋರಿಸುವ ಆ್ಯಪ್ ಅಲ್ಲ. ಅದು ವೈರ್‌ಗಾರ್ಡ್ ಅನ್ನುವ ವಿಪಿಎನ್ (ಇಂಟರ್ನೆಟ್ಟಿನ ಮೇಲೆ ಹಾಕಿದ ಖಾಸಗಿ ದಾರಿ) ಮೇಲೆ ನಿಂತಿದೆ. ಎರಡೂ ಕಂಪ್ಯೂಟರಿಗೆ ಹಾಕಿ ಒಂದೇ ಅಕೌಂಟಿನಲ್ಲಿ ಲಾಗಿನ್ ಆದರೆ ಎರಡಕ್ಕೂ 100ರಿಂದ ಶುರುವಾಗುವ ಒಂದೊಂದು ವಿಳಾಸ ಸಿಗುತ್ತದೆ. ಆಮೇಲೆ ಕಿನ್ನಿಮುಲ್ಕಿಯ ಕಂಪ್ಯೂಟರ್ ಪಕ್ಕದ ಟೇಬಲ್ಲಿನಲ್ಲಿ ಇದ್ದ ಹಾಗೆ. ಆರ್‌ಡಿಪಿ ತೆರೆದು ಆ ವಿಳಾಸ ಹಾಕಿದರೆ ಆಯಿತು. ರೌಟರ್ ಮುಟ್ಟಬೇಕಿಲ್ಲ, ಸಿಜಿನ್ಯಾಟ್ ಇದ್ದರೂ ಪರವಾಗಿಲ್ಲ, ಬೀದಿಯಿಂದ ನೋಡುವವರಿಗೆ ಬಾಗಿಲೇ ಕಾಣುವುದಿಲ್ಲ.

ಈ ಜೋಡಿಗೆ ಕೆಲವು ಷರತ್ತುಗಳಿವೆ. ಎಡವುವುದು ಇಲ್ಲೇ.

ವಿಂಡೋಸ್ ಹೋಮ್ ಆವೃತ್ತಿಯ ಕಂಪ್ಯೂಟರಿಗೆ ಆರ್‌ಡಿಪಿಯಲ್ಲಿ ಹೊರಗಿಂದ ಬರಲು ಆಗುವುದಿಲ್ಲ, ಪ್ರೊ ಬೇಕು. ಹೋಮ್‌ನಲ್ಲೂ ನಡೆಸುತ್ತೇವೆ ಅನ್ನುವ ಅಡ್ಡದಾರಿಯ ಫೈಲುಗಳು ಸಿಗುತ್ತವೆ, ಮುಂದಿನ ವಿಂಡೋಸ್ ಅಪ್‌ಡೇಟ್ ಬಂದ ದಿನ ಅವು ಕೈ ಕೊಡುತ್ತವೆ. ಲಾಗಿನ್‌ಗೆ ಪಾಸ್‌ವರ್ಡೇ ಇಲ್ಲದ ಕಂಪ್ಯೂಟರಿಗೂ ಆರ್‌ಡಿಪಿ ಬಿಡುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಇದು ಜಾಸ್ತಿ. "ಪಾಸ್‌ವರ್ಡ್ ಯಾಕೆ, ನಾವೇ ಇರುವುದಲ್ವಾ?" ಇಡಬೇಕು ಮಾರಾಯ್ರೆ. ನಾಲ್ಕು ಅಂಕಿಯ ಪಿನ್ ಕೂಡ ನಡೆಯುವುದಿಲ್ಲ, ಪೂರ್ತಿ ಪಾಸ್‌ವರ್ಡ್ ಬೇಕು.

ಟೇಲ್‌ಸ್ಕೇಲ್‌ನಲ್ಲಿ "ರನ್ ಅನ್‌ಅಟೆಂಡೆಡ್" ಅನ್ನುವ ಆಯ್ಕೆ ಒತ್ತಿಡಿ. ಇಲ್ಲವಾದರೆ ರಾತ್ರಿ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆದ ಕಂಪ್ಯೂಟರ್, ಯಾರಾದರೂ ಬಂದು ಲಾಗಿನ್ ಆಗುವ ತನಕ ನಿಮಗೆ ಸಿಗುವುದಿಲ್ಲ. ಇನ್ನೊಂದು, ಪ್ರತಿ ಕಂಪ್ಯೂಟರಿನ ಕೀಲಿಗೆ ಮಾಮೂಲಿಯಾಗಿ 180 ದಿನದ ಆಯಸ್ಸು. ನಾನು ಇದನ್ನು ಮರೆತು ಮಲ್ಪೆಯ ಒಂದು ಐಸ್ ಪ್ಲಾಂಟಿಗೆ ಹಾಕಿ ಬಂದಿದ್ದೆ. ಎಲ್ಲ ಚೆನ್ನಾಗಿತ್ತು. ಆರು ತಿಂಗಳಾದ ಮೇಲೆ ಒಂದು ದಿನ ಕಂಪ್ಯೂಟರ್ ಕಾಣೆ. ಇಂಟರ್ನೆಟ್ ಉಂಟು, ಕರೆಂಟ್ ಉಂಟು, ಲಾಗಿನ್ ಮಾತ್ರ ಇಲ್ಲ. ತಪ್ಪು ನನ್ನದೇ. ಮಂಜುಗಡ್ಡೆಯ ನೀರಿನಲ್ಲಿ ಚಪ್ಪಲಿ ನೆನೆಸಿಕೊಂಡು ಹೋಗಿ ಒಂದು ಬಟನ್ ಒತ್ತಿ ಬಂದೆ. ಅಡ್ಮಿನ್ ಪುಟದಲ್ಲಿ ಆ ಕಂಪ್ಯೂಟರಿಗೆ ಕೀ ಎಕ್ಸ್‌ಪೈರಿ ಬಂದ್ ಮಾಡಬಹುದು. ಮೊದಲ ದಿನವೇ ಮಾಡಿ.

ಇನ್ನು ಪರದೆಯ ವಿಷಯ. ಮಾಮೂಲಿ ವಿಂಡೋಸ್‌ನಲ್ಲಿ ನೀವು ಆರ್‌ಡಿಪಿಯಿಂದ ಒಳಗೆ ಹೋದ ಕೂಡಲೇ ಅಲ್ಲಿನ ಪರದೆ ಲಾಕ್ ಆಗುತ್ತದೆ. ಒಂದು ಸಲಕ್ಕೆ ಒಬ್ಬರು ಮಾತ್ರ. ಒಂದು ಮಧ್ಯಾಹ್ನ ನಾನು ಗೊತ್ತಿಲ್ಲದೆ ಹೋಗಿದ್ದೆ, ಕೌಂಟರಿನ ಹುಡುಗ ಗಿರಾಕಿ ಎದುರು ಅರ್ಧ ಬಿಲ್ ಹಾಕಿದ್ದ. ಅವನು ಪಾಸ್‌ವರ್ಡ್ ಹಾಕಿದ, ನಾನು ಹೊರಗೆ ಬಿದ್ದೆ. ಏನಾಯಿತು ಅಂತ ನಾನು ಮತ್ತೆ ಹೋದೆ, ಅವನು ಹೊರಗೆ ಬಿದ್ದ. ಮೂರನೇ ಸಲಕ್ಕೆ ಫೋನ್ ಬಂತು. ಕೌಂಟರ್ ಕಂಪ್ಯೂಟರ್ ಆದರೆ ಎನಿಡೆಸ್ಕ್ ಅಥವಾ ಕ್ರೋಮ್ ಥರದ್ದೇ ಸರಿ. ಆರ್‌ಡಿಪಿ ಒಳಗಿನ ರೂಮಿನ ಕಂಪ್ಯೂಟರಿಗೆ ಇರಲಿ.

ಲೆಕ್ಕಪತ್ರದವರಿಗೆ ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಅಂದರೆ ಡಿಎಸ್‌ಸಿ, ಉಡುಪಿಯ ಕಂಪ್ಯೂಟರಿಗೆ ಚುಚ್ಚಿದ್ದರೆ ಆರ್‌ಡಿಪಿಯಲ್ಲಿ ಅದು ಕಾಣಿಸುವುದಿಲ್ಲ. ಆರ್‌ಡಿಪಿ ಒಳಗೆ ವಿಂಡೋಸ್ ಅಂಥ ಟೋಕನ್ನನ್ನು ನೀವು ಕೂತಿರುವ ಕಡೆ ಹುಡುಕುತ್ತದೆ. "ಚುಚ್ಚಿದ್ದೇವೆ ಸಾರ್, ಲೈಟ್ ಉರಿಯುತ್ತಿದೆ" ಅಂತ ಅವರು, "ಟೋಕನ್ ಇಲ್ಲ ಅಂತ ಬರುತ್ತಿದೆ" ಅಂತ ನೀವು. ಇಂಥ ಕೆಲಸಕ್ಕೆ ಅಲ್ಲಿನ ಪರದೆಯನ್ನೇ ತೋರಿಸುವ ಆ್ಯಪ್ ಬೇಕು. ಹಾಗಾಗಿ ಲೆಕ್ಕ ನೋಡುವ ಆಫೀಸುಗಳಿಗೆ ನಾನು ಎರಡನ್ನೂ ಹಾಕಿಡುತ್ತೇನೆ: ದಿನದ ಕೆಲಸಕ್ಕೆ ಆರ್‌ಡಿಪಿ, ಸಹಿಯ ದಿನಕ್ಕೆ ಇನ್ನೊಂದು. ಪ್ರಿಂಟರಿನದ್ದೂ ಇದೇ ಥರ. ಆರ್‌ಡಿಪಿಯಲ್ಲಿ ಪ್ರಿಂಟರ್ ಪಟ್ಟಿಯಲ್ಲಿ ನಿಮ್ಮದೂ ಅವರದೂ ಎರಡೂ ಕಾಣುತ್ತವೆ. ನೋಡಿ ಒತ್ತಿ, ಇಲ್ಲವಾದರೆ ನಿಮಗೆ ಬೇಕಾದ ಕಾಗದ ಉಡುಪಿಯಲ್ಲಿ ಬರುತ್ತದೆ.

ಬರೀ ಟ್ಯಾಲಿ ರಿಪೋರ್ಟ್ ನೋಡುವುದಷ್ಟೇ ಆದರೆ ಇದ್ಯಾವುದೂ ಬೇಡ. ಅದರ ಟಿಎಸ್‌ಎಸ್ ಚಂದಾ ಚಾಲ್ತಿಯಲ್ಲಿದ್ದರೆ ಟ್ಯಾಲಿಯದ್ದೇ ರಿಮೋಟ್ ಸೌಲಭ್ಯ ಇದೆ.

ಸ್ವಂತ ಬಸ್ ಸ್ಟ್ಯಾಂಡ್ ಕಟ್ಟುವವರಿಗೆ

ನಡುವೆ ಹೊರಗಿನ ಕಂಪನಿಯೇ ಬೇಡ ಅನ್ನುವವರಿಗೆ ರಸ್ಟ್‌ಡೆಸ್ಕ್. ಓಪನ್ ಸೋರ್ಸ್. ಭೇಟಿ ಮಾಡಿಸುವ ಸರ್ವರನ್ನು ನೀವೇ ಒಂದು ಸಣ್ಣ ಬಾಡಿಗೆ ಸರ್ವರಿನಲ್ಲಿ ನಡೆಸಬಹುದು. ಅಲ್ಲಿ 21115ರಿಂದ 21117ರ ತನಕ ಟಿಸಿಪಿ ಪೋರ್ಟ್‌ಗಳನ್ನು ತೆರೆಯಬೇಕು. 21116ರಲ್ಲಿ ಮಾಹಿತಿ ಕಳಿಸುವ ಇನ್ನೊಂದು ವಿಧಾನವಾದ ಯುಡಿಪಿಯನ್ನೂ ತೆರೆಯಬೇಕು, ಹೆಚ್ಚಿನವರು ಮರೆಯುವುದು ಇದನ್ನೇ. ಹತ್ತಿಪ್ಪತ್ತು ಕಂಪ್ಯೂಟರ್ ನೋಡಿಕೊಳ್ಳುವ ನನ್ನಂಥವರಿಗೆ ಲಾಭ. ಒಂದೇ ಅಂಗಡಿಗೆ ಇಷ್ಟೆಲ್ಲ ಮಾಡುವುದು ಒಂದು ಲೋಟ ಚಹಾಕ್ಕೆ ಹಸು ಕಟ್ಟಿದ ಹಾಗೆ. ಶಾಲೆಯ ಲ್ಯಾಬಿನ ಥರ ಮೂವತ್ತು ನಲವತ್ತು ಕಂಪ್ಯೂಟರ್ ಇದ್ದರೆ, ಇದೇ ಥರ ಸ್ವಂತ ಸರ್ವರಿನಲ್ಲಿ ನಡೆಸುವ ಮೆಶ್‌ಸೆಂಟ್ರಲ್ ಕೂಡ ನೋಡಿ. ಲಿನಕ್ಸ್ ಬಲ್ಲವರಿಗೆ ಎಸ್‌ಎಸ್‌ಎಚ್ ರಿವರ್ಸ್ ಟನೆಲ್ ಇದೆ, ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಫೈರ್‌ವಾಲ್ ಕಂಪನಿಯದ್ದಾದರೆ ಕಥೆಯೇ ಬೇರೆ. ಆಫೀಸಿನ ಫೈರ್‌ವಾಲ್‌ಗಳು ರಿಮೋಟ್ ಆ್ಯಪ್‌ಗಳನ್ನು ಗುರುತು ಹಿಡಿದು ತಡೆಯಬಲ್ಲವು, ಪೋರ್ಟ್ 443 ಆದರೂ ಸರಿ. ಮನೆಯಿಂದ ಆಫೀಸಿನ ಕಂಪ್ಯೂಟರ್ ನೋಡಬೇಕಾದರೆ ಐಟಿಯವರನ್ನು ಕೇಳಿ, ಅವರ ವಿಪಿಎನ್ ಬಳಸಿ. ಕದ್ದು ಹಾಕಿದ ಟನೆಲ್, ಅಂದರೆ ಫೈರ್‌ವಾಲ್ ತಪ್ಪಿಸುವ ಒಳದಾರಿ, ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಕಳ್ಳ ಬಂದರೆ ಕೀಲಿ ಯಾರ ಕೈಯಲ್ಲಿತ್ತು ಅಂತ ಮೊದಲು ಕೇಳುತ್ತಾರೆ, ಕೆಲಸ ಹೋದೀತು.

ಸಿಡಿಲು ಬಂದರೆ ಪ್ಲಗ್ ತೆಗೆಯುವ ಊರಿನಲ್ಲಿ

ಇಷ್ಟೆಲ್ಲ ಆದಮೇಲೂ ನಮ್ಮ ಊರಲ್ಲಿ ಕನೆಕ್ಷನ್ ಸಿಗದಿರಲು ದೊಡ್ಡ ಕಾರಣ ಸಾಫ್ಟ್‌ವೇರ್ ಅಲ್ಲ, ಕರೆಂಟು. ಆ ಕಡೆಯ ಕಂಪ್ಯೂಟರ್ ಆಫ್ ಆಗಿದ್ದರೆ ಯಾವ ಆ್ಯಪ್ ಏನು ಮಾಡೀತು?

ಕಂಪ್ಯೂಟರಿನ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟಕ್ಕೆ, ಹೋಗಿ. "ರಿಸ್ಟೋರ್ ಆನ್ ಎಸಿ ಪವರ್ ಲಾಸ್" ಅಥವಾ ಅದೇ ಅರ್ಥದ ಇನ್ನೊಂದು ಹೆಸರು ಇರುತ್ತದೆ. ಅದನ್ನು ಪವರ್ ಆನ್ ಅಂತ ಇಡಿ. ಕರೆಂಟ್ ಹೋಗಿ ಬಂದರೆ ಕಂಪ್ಯೂಟರ್ ತಾನೇ ಎದ್ದು ಕೂರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಇದು ಹೆಚ್ಚಾಗಿ ಇರುವುದಿಲ್ಲ, ಈ ಕೆಲಸಕ್ಕೆ ಡೆಸ್ಕ್‌ಟಾಪೇ ಮೇಲು. ಸ್ಲೀಪ್ ಅನ್ನು ನೆವರ್ ಮಾಡಿ, ಪರದೆ ಮಾತ್ರ ಆರಲಿ. ಕಂಪ್ಯೂಟರಿಗೆ ಯುಪಿಎಸ್ ಹಾಕಿ ರೌಟರ್ ಮರೆಯುವವರೇ ಜಾಸ್ತಿ, ಅದಕ್ಕೂ ಒಂದು ಸಣ್ಣ ಯುಪಿಎಸ್ ಸಿಗುತ್ತದೆ. ಮಲಗಿದ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಎಬ್ಬಿಸುವ ವೇಕ್ ಆನ್ ಲ್ಯಾನ್ ನಂಬಿ ಕೂರಬೇಡಿ. ಆ ಎಬ್ಬಿಸುವ ಸಂದೇಶ ಮಾಮೂಲಿಯಾಗಿ ಅದೇ ನೆಟ್‌ವರ್ಕಿನ ಒಳಗಿಂದಲೇ ಹೋಗಬೇಕು, ಅಂದರೆ ಅಲ್ಲಿ ಇನ್ನೊಂದು ಸಾಧನ ಸದಾ ಎಚ್ಚರ ಇರಬೇಕು.

ಜೂನ್ ಬಂತು ಅಂದರೆ ಇನ್ನೊಂದು ಉಂಟು. ಗುಡುಗಿದ ಕೂಡಲೇ ಪ್ಲಗ್ ಕಿತ್ತು, ರೌಟರಿನ ವಯರ್ ತೆಗೆದು, ಎಲ್ಲ ಬಿಚ್ಚಿಟ್ಟು ಮನೆಗೆ ಹೋಗುವುದು ನಮ್ಮವರ ಅಭ್ಯಾಸ. ತಪ್ಪು ಅನ್ನಲಾರೆ, ಸಿಡಿಲಿಗೆ ರೌಟರ್ ಸುಟ್ಟದ್ದು ನೋಡದ ಮನೆ ಇಲ್ಲಿಲ್ಲ. ಹಾಗಾಗಿ ರಿಟರ್ನ್ ಹಾಕುವ ವಾರದಲ್ಲಿ ಮಾತ್ರ ಬೆಳಿಗ್ಗೆ ಅಂಗಡಿ ತೆರೆಯುವವರಿಗೆ ಒಂದು ಮೆಸೇಜ್ ಹಾಕುತ್ತೇನೆ: "ಪ್ಲಗ್ ಹಾಕಿದಿರಾ?"

ಅಲ್ಲಿಂದ ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿ. ಅಂಗಡಿಯ ವೈಫೈಯಲ್ಲೇ ಕನೆಕ್ಟ್ ಮಾಡಿ "ಆಯ್ತು" ಅಂದರೆ ಆಗಲಿಲ್ಲ, ಅದು ಗೇಟಿನ ಒಳಗೇ ಓಡಾಡಿದ ಹಾಗೆ. ನಿಮ್ಮ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಕನೆಕ್ಟ್ ಮಾಡಿ. ಬಂತಾ? ಈಗ ಅಂಗಡಿಯ ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಇದ್ದರೆ ಅದನ್ನೂ ಆರಿಸಿ. ಹೊರಗೆ ಹೋಗಿ ಒಂದು ಚಹಾ ಕುಡಿದು ಬನ್ನಿ. ಎಲ್ಲ ಆನ್ ಮಾಡಿ, ಕೀಬೋರ್ಡ್ ಮುಟ್ಟದೆ ಐದು ನಿಮಿಷ ಕಾದು, ಫೋನಿನಿಂದ ಮತ್ತೆ ಕನೆಕ್ಟ್ ಮಾಡಿ. ಲಾಗಿನ್ ಪರದೆ ಕಂಡರೆ ಬಸ್ಸು ಹತ್ತಿ.